ಎರಡು ಹೆಸರಿನ ಸ್ಲೇಟು

ದೊಡ್ಡ ಸೊಸೆಗೆ ಆಫೀಸಿನವರು ಇಟ್ಟಿದ್ದ ಹೆಸರು ಒರೆಗಲ್ಲು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೂ ಅವಳಿಗೆ ಅದು ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಇರುವುದರಲ್ಲಿ ಅವಳಿಗೊಂದು ಸುಖವೂ ಇತ್ತು.

ಆಫೀಸು ಇದ್ದದ್ದು ಬೀಗದ ಕೈ ಮಾಡುವವನ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಮೆಟ್ಟಿಲು ಹತ್ತುವಾಗ ಕೆಳಗೆ ಅರ ಉಜ್ಜುವ ಸದ್ದು. ಮೇಲೆ ಹೋದರೆ ಹತ್ತು ಮೇಜು, ಹತ್ತು ಕಂಪ್ಯೂಟರ್, ಒಂದೇ ಒಂದು ಕಿಟಕಿ. ಅವನದು ಕಬ್ಬಿಣದ ಬೀಗ, ನಮ್ಮದು ಅಂಕಿಯ ಬೀಗ ಎಂದು ಯಜಮಾನರು ಹೊಸಬರಿಗೆಲ್ಲ ಹೇಳುತ್ತಿದ್ದರು, ಹೇಳಿ ತಾವೇ ಮೊದಲು ನಗುತ್ತಿದ್ದರು. ಮಾತು ಸುಳ್ಳಲ್ಲ. ಒಬ್ಬರು ಇನ್ನೊಬ್ಬರಿಗೆ ಫೋನಿನಲ್ಲಿ ಕಳಿಸಿದ ಮಾತು ನಡುವೆ ಬೇರೆಯವರ ಕಣ್ಣಿಗೆ ಬೀಳಬಾರದು. ಅದಕ್ಕೆ ಆ ಮಾತನ್ನು ಸಂಖ್ಯೆ ಮಾಡಿಕೊಂಡು, ಆರುನೂರು ಅಂಕಿ ಉದ್ದದ ಸಂಖ್ಯೆಗಳಿಂದ ಗುಣಿಸಿ ಭಾಗಿಸಿ, ಗುರುತು ಸಿಗದ ಹಾಗೆ ಮಾಡಬೇಕು. ಹಾಗೆ ಗುಣಿಸುವ, ಭಾಗಿಸುವ ಪ್ರೋಗ್ರಾಂ ಬರೆಯುವುದು ಈ ಆಫೀಸಿನ ಕೆಲಸ. ಆರುನೂರರಲ್ಲಿ ಒಂದಂಕಿ ತಪ್ಪಿದರೂ ಬೀಗ ತೆರೆಯುವುದಿಲ್ಲ, ಇಲ್ಲವೆ ತೆರೆಯಬಾರದವನಿಗೆ ತೆರೆದುಕೊಳ್ಳುತ್ತದೆ.

ಬರೆಯುವವರು ಬೇರೆ. ಅವಳು ಪರೀಕ್ಷೆ ಮಾಡುವವಳು. ಅವಳ ಮೇಜಿನ ಮೇಲೆ ರಟ್ಟು ಹಾಕಿದ ಒಂದು ಉದ್ದ ಪುಸ್ತಕವಿತ್ತು. ತಪ್ಪಿಲ್ಲ ಎಂದು ಅವಳ ಮನಸ್ಸಿಗೆ ಬಂದ ದಿನ ತಾರೀಖು ಹಾಕಿ, ಅದರ ಮುಂದೆ ‘ಸೈ’ ಎಂದು ಒಂದಕ್ಷರ ಬರೆಯುತ್ತಿದ್ದಳು. ಆ ಸೈ ಬೀಳದೆ ಹನ್ನೆರಡು ವರ್ಷದಲ್ಲಿ ಒಂದು ಸಾಲು ಪ್ರೋಗ್ರಾಮೂ ಆ ಮೆಟ್ಟಿಲು ಇಳಿದಿರಲಿಲ್ಲ. ಉಳಿದದ್ದೆಲ್ಲ ಕಂಪ್ಯೂಟರಿನೊಳಗೆ ಹೋದರೂ ಆ ಪುಸ್ತಕ ಮಾತ್ರ ಮೇಜಿನ ಮೇಲೇ ಉಳಿಯಿತು.

ಅವಳ ಪರೀಕ್ಷೆಗಳಲ್ಲಿ ಅವಳಿಗೆ ಹೆಚ್ಚು ಹೆಮ್ಮೆ ತಂದದ್ದು ಒಂದೇ ಜಾಗದ ಪರೀಕ್ಷೆ. ಗುಣಾಕಾರಕ್ಕೆ ಮೂರು ಜಾಗ ಬೇಕು: ಎರಡು ಪ್ರಶ್ನೆಗೆ, ಒಂದು ಉತ್ತರಕ್ಕೆ. ಆದರೆ ಪ್ರೋಗ್ರಾಂ ಬಳಸುವವರು ಎಷ್ಟೋ ಸಲ, ಉತ್ತರಕ್ಕೆ ಬೇರೆ ಜಾಗ ಯಾಕೆ, ಪ್ರಶ್ನೆ ಇರುವಲ್ಲೇ ಬರೆ ಎನ್ನುತ್ತಾರೆ. ಆಗ ಹೆಸರು ಎರಡು, ಜಾಗ ಒಂದೇ. ಹುಷಾರಿಲ್ಲದೆ ಬರೆದರೆ ಉತ್ತರದ ಮೊದಲ ಅಂಕಿ ಬೀಳುವಾಗಲೇ, ಇನ್ನೂ ಬೇಕಾಗಿದ್ದ ಪ್ರಶ್ನೆಯ ಅಂಕಿ ಅಳಿಸಿಹೋಗುತ್ತದೆ. ಇದನ್ನು ಹಿಡಿಯುವ ಪರೀಕ್ಷೆಯನ್ನು ಅವಳು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ತಾನೇ ಬರೆದಿದ್ದಳು. ಉತ್ತರ ಮೊದಲ ಪ್ರಶ್ನೆಯ ಮೇಲೆ, ಎರಡನೆಯದರ ಮೇಲೆ, ಪ್ರಶ್ನೆ ಎರಡೂ ಒಂದೇ ಆದಾಗ, ಮೂರೂ ಒಂದೇ ಆದಾಗ, ಹೀಗೆ ಒಂದನ್ನೂ ಬಿಟ್ಟಿರಲಿಲ್ಲ.

ಹನ್ನೊಂದು ವರ್ಷ ಹೀಗೆ ನೆಮ್ಮದಿಯಾಗಿತ್ತು. ಆಮೇಲೆ ಓರಗಿತ್ತಿ ಬಂದಳು.

ಮೈದುನನ ಹೆಂಡತಿ ಮನೆಗೆ ಬಂದದ್ದು ಎರಡು ವರ್ಷದ ಹಿಂದೆ, ಆಫೀಸಿಗೆ ಬಂದದ್ದು ಎಂಟು ತಿಂಗಳ ಹಿಂದೆ. ಯಜಮಾನರ ಹತ್ತಿರ ಅವಳ ಮಾತೆತ್ತಿದವಳು ದೊಡ್ಡವಳೇ. ನಮ್ಮ ಮನೆಯ ಹುಡುಗಿ, ಲೆಕ್ಕದಲ್ಲಿ ಚುರುಕು, ಒಂದು ಮೂಲೆ ಕೊಡಿ ಸಾಕು ಎಂದಿದ್ದಳು. ಆ ಮಾತನ್ನು ನೆನೆಸಿಕೊಂಡು ಈಗ ತನ್ನ ನಾಲಿಗೆಯನ್ನು ತಾನೇ ಬೈದುಕೊಳ್ಳುತ್ತಿದ್ದಳು. ಮೂಲೆ ಕೇಳಿದರೆ ಯಜಮಾನರು ಕಿಟಕಿ ಪಕ್ಕದ ಮೇಜನ್ನೇ ಕೊಟ್ಟರು.

ಕಿಟಕಿ ಹೋಗಲಿ. ಚಿಕ್ಕವಳು ಬಸ್‌ಸ್ಟಾಪಿಗೆ ಬಿರಬಿರನೆ ನಡೆಯುತ್ತಿದ್ದಳು, ನಡೆದು ತಿರುವಿನಲ್ಲಿ ನಿಂತು ಕಾಯುತ್ತಿದ್ದಳು. ಮುಂದೆ ಹೋದದ್ದನ್ನಾದರೂ ಕ್ಷಮಿಸಬಹುದಿತ್ತು, ಆ ಕಾಯುವುದನ್ನು ಸಹಿಸುವುದು ಹೇಗೆ? ಅತ್ತೆ ಎರಡು ಡಬ್ಬಿಗೂ ಒಂದೇ ಊಟ ಹಾಕುತ್ತಿದ್ದರು, ಆದರೆ ಮುಚ್ಚಳ ಒತ್ತುವಾಗ ಚಿಕ್ಕವಳ ಡಬ್ಬಿಯನ್ನು ಎರಡು ಸಲ ಒತ್ತುತ್ತಾರೆ ಎಂದು ದೊಡ್ಡವಳಿಗೆ ಕಾಣುತ್ತಿತ್ತು. ಗಂಡನಿಗೆ ಹೇಳಿದಳು. ಆ ಡಬ್ಬಿಯ ಮುಚ್ಚಳ ಸಡಿಲ ಕಣೇ ಎಂದು ಅವನು ಪೇಪರಿನಿಂದ ತಲೆ ಎತ್ತದೆ ಹೇಳಿದ. ಅವಳು ನಾಲ್ಕು ದಿನ ಅವನ ಜೊತೆ ಮಾತು ಬಿಟ್ಟಳು. ಮೂರನೆಯ ದಿನದವರೆಗೆ ಅದು ಅವನ ಗಮನಕ್ಕೇ ಬರಲಿಲ್ಲ.

ಹೀಗಿರುವಾಗ ಚಿಕ್ಕವಳು ಹೊಸ ಗುಣಾಕಾರ ಬರೆದಳು. ಹಳೆಯದನ್ನು ಬರೆದದ್ದು ಯಜಮಾನರೇ. ಅವರು ಜಾಗರೂಕ ಮನುಷ್ಯ. ಎಷ್ಟೇ ಅಂಕಿಯಿರಲಿ, ಒಂದು ಬೇರೆ ಜಾಗ ತಂದು, ಅಲ್ಲಿ ಗುಣಿಸಿ, ಕೊನೆಗೆ ಉತ್ತರವನ್ನು ಎತ್ತಿ ಕೇಳಿದಲ್ಲಿ ಇಡುತ್ತಿದ್ದರು. ಚಿಕ್ಕವಳು ಆ ತರುವುದು, ಎತ್ತಿಡುವುದು ಎರಡನ್ನೂ ಬಿಟ್ಟಳು. ಬಂದ ಅಂಕಿ ನೇರ ಉತ್ತರದ ಜಾಗಕ್ಕೇ. ಮೂರು ಪಾಲು ಹೊತ್ತು ಹಿಡಿಯುತ್ತಿದ್ದ ಲೆಕ್ಕ ಎರಡು ಪಾಲಿಗೆ ಇಳಿಯಿತು. ಆಫೀಸೆಲ್ಲ ಕಿಟಕಿಯ ಹತ್ತಿರ ಹೋಗಿ ನಿಂತಿತು. ಇಷ್ಟು ವರ್ಷ ಎಲ್ಲಿದ್ದೆಯಮ್ಮ ಎಂದು ಯಜಮಾನರು ಕೇಳಿದರು. ದೊಡ್ಡವಳ ಹೊಟ್ಟೆಯಲ್ಲಿ ಒಲೆ ಹಚ್ಚಿದ ಹಾಗಾಯಿತು. ಆ ಇಷ್ಟು ವರ್ಷವೂ ಅಲ್ಲೇ ಇದ್ದವಳು ತಾನು. ಅವರು ಒಂದು ಸಲವಾದರೂ ಕೇಳಿದ್ದರೆ?

ಅಷ್ಟರಲ್ಲಿ ಯಜಮಾನರು ಅವಳ ಮೇಜಿಗೆ ಬಂದು, ಬರುವ ಸೋಮವಾರ ಇದು ಹೊರಗೆ ಹೋಗಬೇಕು, ನಿಮ್ಮ ಸೈ ಒಂದು ಬಿದ್ದರಾಯಿತು ಎಂದರು. ಪುಸ್ತಕದ ರಟ್ಟನ್ನು ಬೆರಳಿನಿಂದ ತಟ್ಟುತ್ತ, ಮುಂದಿನ ತಿಂಗಳಿಂದ ಇದನ್ನೂ ಆಕೆಯೇ ನೋಡಿಕೊಳ್ಳಲಿ, ಬರೆಯುವವರಿಗೆ ಪರೀಕ್ಷೆಯೂ ಗೊತ್ತಿದ್ದರೆ ಒಳ್ಳೆಯದು, ನೀವೂ ಸ್ವಲ್ಪ ಆರಾಮ ಮಾಡಿ ಎಂದೂ ಸೇರಿಸಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವಳು ತಲೆಯಾಡಿಸಿದಳು. ಅವರು ಹೋದ ಮೇಲೆ ಅವರು ತಟ್ಟಿದ ಜಾಗವನ್ನು ಸೆರಗಿನಿಂದ ಒರೆಸಿದಳು.

ಮೂರು ದಿನ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪರೀಕ್ಷೆ ಮಾಡಿದಳು. ತಪ್ಪಿಲ್ಲ ಎಂದು ತಿಳಿಯುವುದಕ್ಕಲ್ಲ, ತಪ್ಪು ಸಿಗಲಿ ಎಂದು. ಸಣ್ಣ ಸಂಖ್ಯೆ, ದೊಡ್ಡ ಸಂಖ್ಯೆ, ಬರೀ ಸೊನ್ನೆ, ಬರೀ ಒಂಬತ್ತು. ಒಂದೇ ಜಾಗದ ಪರೀಕ್ಷೆಯನ್ನಂತೂ ಸಾವಿರ ಸಲ ಓಡಿಸಿದಳು. ಎಲ್ಲದಕ್ಕೂ ಹಸಿರು ಗೆರೆ. ಶನಿವಾರ ಸಂಜೆ ಕಂಪ್ಯೂಟರ್ ಆರಿಸುವಾಗ ಚಿಕ್ಕವಳು ಬಂದು, ಏನಾದರೂ ಸಿಕ್ಕಿತೇ ಅಕ್ಕ ಎಂದು ಕೇಳಿದಳು. ಏನೂ ಸಿಗಲಿಲ್ಲ ಎಂದು ಹೇಳಿ ದೊಡ್ಡವಳು ಊಟದ ಡಬ್ಬಿ ಎತ್ತಿಕೊಂಡಳು.

ಭಾನುವಾರ ಬೆಳಿಗ್ಗೆ ದೊಡ್ಡವಳು ಅಡುಗೆಮನೆಯಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದಳು. ಕಿಟಕಿಯ ಆಚೆ ಹಿತ್ತಿಲ ಮೆಟ್ಟಿಲಿನ ಮೇಲೆ ಅತ್ತೆ, ಅವರ ಮೊಣಕಾಲಿನ ಮೇಲೆ ಸ್ಲೇಟು. ಅತ್ತೆ ಓದಿದ್ದು ಮೂರನೆಯ ತರಗತಿ. ಅಕ್ಷರ ಕೂಡಿಸಿಕೊಂಡು ಓದುವವರು, ಆದರೆ ಗುಣಾಕಾರವೆಂದರೆ ಪ್ರಾಣ. ಮಾವ ಹೋದ ಮೇಲೆ ಹೊತ್ತು ಕಳೆಯಲು ಹಳೆಯ ಲೆಕ್ಕಗಳನ್ನು ಮಾಡಿ ಮಾಡಿ ಅಳಿಸುತ್ತಿದ್ದರು. ಕೆಂಪು ಚೌಕಟ್ಟಿನ ಆ ಸ್ಲೇಟು ಚಿಕ್ಕವಳು ತಂದುಕೊಟ್ಟದ್ದು. ಹನ್ನೆರಡು ವರ್ಷ ಅವರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಿದ್ದದ್ದನ್ನು ದೊಡ್ಡವಳು ದಿನಾ ನೋಡಿದ್ದಳು. ಸ್ಲೇಟು ತರಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಈಗ ಆ ಕೆಂಪು ಚೌಕಟ್ಟು ಕಂಡಾಗಲೆಲ್ಲ ಅವಳ ಕಣ್ಣು ಕಿಸುರಾಗುತ್ತಿತ್ತು.

ಎಲ್ಲರೂ ಹೊಗಳುವಂಥದ್ದು ಏನು ಮಾಡಿದೆ ಎಂದು ಅತ್ತೆ ಕೇಳಿದರು. ಚಿಕ್ಕವಳು ಮೆಟ್ಟಿಲಿನ ಮೇಲೆ ಕೂತು ಹೇಳಿಕೊಟ್ಟಳು: ಸಾಲು ಸಾಲಾಗಿ ಬರೆದು ಕೂಡಿಸುವುದು ಬೇಡ, ಬಲಗಡೆಯಿಂದ ಒಂದೊಂದೇ ಮನೆಗೆ ಬೇಕಾದದ್ದನ್ನು ಅಡ್ಡಡ್ಡ ಗುಣಿಸಿ, ಮನಸ್ಸಿನಲ್ಲೇ ಕೂಡಿಸಿ, ಅಂಕಿಯನ್ನು ನೇರ ಉತ್ತರದಲ್ಲೇ ಇಡುವುದು. ಅತ್ತೆ ಎರಡು ಸಲ ಕೇಳಿಸಿಕೊಂಡು, “ನಿಮ್ಮ ಆಫೀಸಿನ ಕೆಲಸ ಏನೂಂತ ಈಗ ಗೊತ್ತಾಯ್ತು ನೋಡು. ದೊಡ್ಡವಳು ಇಷ್ಟು ವರ್ಷದಿಂದ ಹೇಳ್ತಾನೇ ಇದ್ಲು, ನನ್ನ ತಲೆಗೆ ಹೋಗಿರಲಿಲ್ಲ” ಎಂದರು. ಒಳಗೆ ಚಾಕು ಒಂದು ಗಳಿಗೆ ನಿಂತು ಮತ್ತೆ ನಡೆಯಿತು, ಮೊದಲಿಗಿಂತ ಜೋರಾಗಿ.

ಆಮೇಲೆ ಅತ್ತೆ ಕೇಳಿದರು, “ಅಲ್ಲಮ್ಮ, ಇರೋದು ಒಂದೇ ಸ್ಲೇಟಾದ್ರೆ?”

“ಪ್ರಶ್ನೆ ಮೇಲೇ ಬರೀಬಹುದು ಅತ್ತೆ. ಅದನ್ನ ಅಕ್ಕ ಮೂರು ದಿನ ಪರೀಕ್ಷೆ ಮಾಡಿದ್ದಾರೆ. ಅವರು ಸರಿ ಅಂದ್ರೆ ಸರೀನೇ” ಎಂದು ಹೇಳಿ ಚಿಕ್ಕವಳು ಬಟ್ಟೆ ಒಗೆಯಲು ಎದ್ದು ಹೋದಳು.

ಅತ್ತೆ ಇಪ್ಪತ್ಮೂರನ್ನು ಹದಿನಾಲ್ಕರಿಂದ ಗುಣಿಸತೊಡಗಿದರು. ಅವರಿಗೆ ಬಾಯಲ್ಲಿ ಹೇಳಿಕೊಂಡೇ ಮಾಡುವ ಅಭ್ಯಾಸ. ಮೂರ್ನಾಕ್ಲಿ ಹನ್ನೆರಡು, ಎರಡು ಇಡು, ಕೈಯಲ್ಲಿ ಒಂದು. ಇಪ್ಪತ್ಮೂರರ ಮೂರನ್ನು ಅಳಿಸಿ ಅಲ್ಲೇ ಎರಡು ಬರೆದರು. ಮುಂದಿನ ಮನೆಗೆ ಆ ಮೂರು ಮತ್ತೆ ಬೇಕಿತ್ತು. ಮೂರು ಎಲ್ಲಿದೆ? ಅಲ್ಲಿ ಇದ್ದದ್ದು ಎರಡು. ಅತ್ತೆ ಇದ್ದದ್ದನ್ನೇ ತೆಗೆದುಕೊಂಡರು. ಕೊನೆಗೆ ಸ್ಲೇಟಿನ ಮೇಲೆ ಬಂದದ್ದು ಇನ್ನೂರ ಹನ್ನೆರಡು. ಹಳೆಯ ರೀತಿಯಲ್ಲಿ ಮಾಡಿದರೆ ಮುನ್ನೂರ ಇಪ್ಪತ್ತೆರಡು. ಅಳಿಸಿ ಇನ್ನೊಮ್ಮೆ ಮಾಡಿದರು. ಮತ್ತೆ ಇನ್ನೂರ ಹನ್ನೆರಡು.

“ನನ್ನ ಕೈಯೇ ತಪ್ಪಿತೇನೋ” ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು.

ದೊಡ್ಡವಳ ಕಿವಿ ನೆಟ್ಟಗಾಯಿತು. ಅತ್ತೆಯ ಕೈ ತಪ್ಪುವ ಕೈಯಲ್ಲ. ತಪ್ಪಿದ್ದು ಚಿಕ್ಕವಳ ರೀತಿ. ಮೂರು ದಿನ ಹುಡುಕಿ ಸಿಗದೇ ಇದ್ದದ್ದು ಹಿತ್ತಿಲ ಮೆಟ್ಟಿಲಿನ ಮೇಲೆ ಸಿಕ್ಕಿತು. ಅವಳಿಗೆ ಹಾರಿ ಕುಣಿಯುವಷ್ಟು ಸಂತೋಷವಾಯಿತು. ನಾಳೆ ಯಜಮಾನರ ಮುಂದೆ ಹೇಗೆ ಹೇಳಬೇಕು, ಕಿಟಕಿಯ ಹತ್ತಿರ ನಿಂತು ಹೇಳಬೇಕೋ ತನ್ನ ಮೇಜಿನಿಂದಲೇ ಹೇಳಬೇಕೋ, ಎಲ್ಲ ಲೆಕ್ಕ ಹಾಕಿದಳು. ಕೈಯಲ್ಲಿದ್ದ ಸೌತೆಕಾಯಿ ಮುಗಿಯುವವರೆಗೆ ಆ ಸಂತೋಷ ಇತ್ತು. ಕೊನೆಯ ಹೋಳು ಬೀಳುವಾಗ ಚಾಕು ನಿಂತಿತು.

ಹಾಗಾದರೆ ಪರೀಕ್ಷೆ ಹಸಿರು ಗೆರೆ ತೋರಿಸಿದ್ದು ಯಾಕೆ?

ಸೋಮವಾರ ಯಾರಿಗೂ ಹೇಳದೆ ಮುಂಚಿನ ಬಸ್ಸು ಹಿಡಿದಳು. ಆಫೀಸಿನಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಕೆಳಗೆ ಬೀಗದವನು ಬಾಗಿಲ ಹಲಗೆ ತೆಗೆಯುತ್ತಿದ್ದ. ಅವಳು ತನ್ನ ಹನ್ನೆರಡು ವರ್ಷದ ಹಿಂದಿನ ಪರೀಕ್ಷೆಯನ್ನು ತೆರೆದು, ಬೇರೆ ಯಾರೋ ಬರೆದದ್ದನ್ನು ಓದುವ ಹಾಗೆ, ಬೆರಳಿಟ್ಟುಕೊಂಡು ಸಾಲು ಸಾಲು ಓದಿದಳು.

ಆ ಆಫೀಸಿನ ಪ್ರೋಗ್ರಾಮುಗಳಲ್ಲಿ ಒಂದೊಂದು ಸಂಖ್ಯೆಗೂ ಒಂದೊಂದು ಡಬ್ಬಿ ಇದ್ದ ಹಾಗೆ ಏರ್ಪಾಡು. ಸಣ್ಣ ಸಂಖ್ಯೆ ಡಬ್ಬಿಯಲ್ಲೇ ಇರುತ್ತದೆ, ಅದನ್ನು ಕಂಪ್ಯೂಟರ್ ಒಂದೇ ಏಟಿಗೆ ಗುಣಿಸುವುದರಿಂದ ನಡುವೆ ಅಂಕಿ ಅಳಿಸಿಹೋಗುವ ಭಯವಿಲ್ಲ. ಹದಿನೆಂಟು ಅಂಕಿ ದಾಟಿದರೆ ಡಬ್ಬಿಯಲ್ಲಿ ಹಿಡಿಸುವುದಿಲ್ಲ. ಅದನ್ನು ಬೇರೊಂದು ಸ್ಲೇಟಿನ ಮೇಲೆ ಬರೆದು, ಎಷ್ಟನೆಯ ಸ್ಲೇಟು ಎಂಬ ಚೀಟಿಯನ್ನು ಡಬ್ಬಿಯಲ್ಲಿ ಇಡುತ್ತಾರೆ. ಅವಳ ಪರೀಕ್ಷೆ ಮೊದಲು ಉತ್ತರಕ್ಕೆ ಬೇರೆ ಸ್ಲೇಟು ಕೊಟ್ಟು ಗುಣಿಸುತ್ತಿತ್ತು. ಬಂದ ಉತ್ತರವನ್ನು ‘ಸರಿ’ ಎಂಬ ಡಬ್ಬಿಗೆ ನಕಲು ಮಾಡಿಕೊಳ್ಳುತ್ತಿತ್ತು. ಆಮೇಲೆ ಅದೇ ಸ್ಲೇಟನ್ನು ಒರೆಸಿ, ಅದರ ಮೇಲೆ ಪ್ರಶ್ನೆ ಬರೆದು, ಪ್ರಶ್ನೆಯ ಮೇಲೇ ಉತ್ತರ ಬರೆಸಿ, ಬಂದದ್ದನ್ನು ‘ಸರಿ’ಯ ಜೊತೆ ಹೋಲಿಸುತ್ತಿತ್ತು. ಆದರೆ ನಕಲಾದದ್ದು ಡಬ್ಬಿ. ಡಬ್ಬಿಯಲ್ಲಿ ಇದ್ದದ್ದು ಚೀಟಿ. ಚೀಟಿ ತೋರಿಸುತ್ತಿದ್ದದ್ದು ಅದೇ ಸ್ಲೇಟನ್ನು.

ಅಂದರೆ ದೊಡ್ಡ ಸಂಖ್ಯೆ ಬಂದಾಗಲೆಲ್ಲ ಅವಳ ಪರೀಕ್ಷೆ ಒಂದು ಸ್ಲೇಟನ್ನು ಅದೇ ಸ್ಲೇಟಿನ ಜೊತೆ ಹೋಲಿಸಿ, ಎರಡೂ ಒಂದೇ ಎಂದು ಹೇಳುತ್ತಿತ್ತು. ಒಂದೇ ಜಾಗಕ್ಕೆ ಎರಡು ಹೆಸರು ಬಂದಾಗ ಆಗುವ ಮೋಸವನ್ನು ಹಿಡಿಯಲೆಂದೇ ಬರೆದ ಪರೀಕ್ಷೆ, ತಾನೇ ಆ ಮೋಸಕ್ಕೆ ಬಿದ್ದಿತ್ತು. ಯಜಮಾನರ ಹಳೆಯ ಗುಣಾಕಾರ ಜಾಗರೂಕವಾಗಿದ್ದರಿಂದ ಇಷ್ಟು ವರ್ಷ ಬಯಲಾಗಲಿಲ್ಲ. ಹಿತ್ತಾಳೆಯನ್ನೇ ಕಾಣದ ಒರೆಗಲ್ಲು ಅವಳದು.

ಅವಳು ಉದ್ದ ಪುಸ್ತಕದ ಕಡೆ ನೋಡಲಾರದೆ ಅದರ ಮೇಲೆ ಊಟದ ಡಬ್ಬಿ ಇಟ್ಟಳು.

ಸರಿಪಡಿಸಲು ಬೇಕಾದದ್ದು ಎರಡೇ ಸಾಲು. ಚೀಟಿಯ ಬದಲು ಅಂಕಿಗಳನ್ನೇ ಹೊಸ ಸ್ಲೇಟಿಗೆ ನಕಲು ಮಾಡಬೇಕು, ಅಷ್ಟೇ. ಐದು ನಿಮಿಷದಲ್ಲಿ ಬರೆದಳು. ಓಡಿಸಿದಳು. ಚಿಕ್ಕವಳ ಗುಣಾಕಾರಕ್ಕೆ ಕೆಂಪು ಗೆರೆ ಬಂತು. ಅಷ್ಟರಲ್ಲಿ ಒಬ್ಬೊಬ್ಬರೇ ಮೆಟ್ಟಿಲು ಹತ್ತಿ ಬಂದರು. ಯಜಮಾನರು ಬಂದು ಸೈ ಬಿತ್ತೇ ಎಂದು ಕೇಳಿದಾಗ ಅವಳು ಕಂಪ್ಯೂಟರಿನ ಮುಖವನ್ನು ಅವರ ಕಡೆ ತಿರುಗಿಸಿದಳು. ಎರಡು ಸಾಲು ಈಗಷ್ಟೇ ಬದಲಾಯಿಸಿದ್ದು ಎಂದು ಹೇಳಲಿಲ್ಲ. ಹೇಳಬೇಕೆಂದು ಬಾಯಿಯವರೆಗೆ ಬಂತು. ಕೆಂಪು ಗೆರೆ ಕಂಡ ಯಜಮಾನರ ಮುಖ ನೋಡಿದ ಮೇಲೆ ಅದು ಅಲ್ಲೇ ನಿಂತಿತು.

“ಒರೆಗಲ್ಲು ಅಂದ್ರೆ ಒರೆಗಲ್ಲೇ” ಎಂದರು ಯಜಮಾನರು. ಆ ಹೆಸರನ್ನು ಎದುರಿಗೆ ಕೇಳಿದ್ದು ಅದೇ ಮೊದಲು. ಪುಸ್ತಕ ಇನ್ನು ಮುಂದೆಯೂ ಇಲ್ಲೇ ಇರಲಿ, ನಾನು ಆತುರಪಟ್ಟೆ ಎಂದೂ ಹೇಳಿದರು. ಹನ್ನೆರಡು ವರ್ಷ ಕಾದ ಮಾತು ಬಂದಿತ್ತು. ಅದು ಅವಳ ಕಿವಿಗೆ ಹಿತವಾಗಿಯೇ ಕೇಳಿಸಿತು.

ಚಿಕ್ಕವಳು ಬಂದು ನಿಂತು ನೋಡಿದಳು. ಅವಳ ಮುಖ ಸಣ್ಣದಾಯಿತು. ಶನಿವಾರ ಹಸಿರಿದ್ದದ್ದು ಸೋಮವಾರ ಕೆಂಪಾದದ್ದು ಹೇಗೆ ಎಂದು ಯಾರಿಗಾದರೂ ಅನ್ನಿಸುವುದೇ. ತನ್ನ ಮೇಜಿಗೆ ಹೋಗಿ ಆ ಪರೀಕ್ಷೆಯನ್ನು ತೆರೆದು ನೋಡಿದಳು. ಯಾವ ಸಾಲನ್ನು ಯಾರು ಯಾವಾಗ ತಿದ್ದಿದರೆಂದು ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಎರಡು ಸಾಲು, ದೊಡ್ಡವಳ ಹೆಸರು, ಬೆಳಿಗ್ಗೆ ಏಳೂವರೆ. ಚಿಕ್ಕವಳು ತಲೆ ಎತ್ತಿ ಅವಳ ಕಡೆ ನೋಡಿದಳು. ದೊಡ್ಡವಳು ಕಾದಳು. ಚಿಕ್ಕವಳು ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ, ತಪ್ಪು ತನ್ನದು, ಅಕ್ಕ ಹಿಡಿದರು, ಎರಡು ದಿನ ಕೊಟ್ಟರೆ ಸರಿಮಾಡುತ್ತೇನೆ ಎಂದಳು. ಅಷ್ಟು ಹೇಳಿ ಕೂತಳು.

ಸಂಜೆಯವರೆಗೆ ಅವಳು ಬೇರೇನೂ ಹೇಳಲಿಲ್ಲ. ಬಸ್ಸಿನಲ್ಲಿ ಹೇಳಲಿಲ್ಲ. ಇಳಿದ ಮೇಲೆ ಬಿರಬಿರನೆ ನಡೆದು, ಎಂದಿನ ತಿರುವಿನಲ್ಲಿ ನಿಂತು ಕಾದಳು. ದೊಡ್ಡವಳಿಗೆ ಇನ್ನು ತಡೆಯಲಾಗಲಿಲ್ಲ.

“ನೋಡಿದೆ ತಾನೆ?”

“ನೋಡ್ದೆ ಅಕ್ಕ.”

“ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ? ಒಂದು ಮಾತು ಹೇಳಿದ್ರೆ ನನ್ನ ಮಾನ ಅಲ್ಲೇ ಹೋಗ್ತಿತ್ತು.”

“ಹೇಳ್ಬೇಕಾದವರು ನೀವಲ್ವಾ” ಎಂದಳು ಚಿಕ್ಕವಳು. “ನಾನು ಹೇಗೆ ಹೇಳ್ಲಿ?”

ಮನೆಯವರೆಗೆ ದೊಡ್ಡವಳ ಒಳಗೆ ಒಂದೇ ಗದ್ದಲ. ಗುಣಾಕಾರ ಬೇಗ ಮಾಡುತ್ತಾಳೆ, ಇರಲಿ. ಬೇಗ ನಡೆಯುತ್ತಾಳೆ, ಇರಲಿ. ಅತ್ತೆಗೆ ಸ್ಲೇಟು ತಂದಳು, ಅದೂ ಇರಲಿ. ಆದರೆ ಸುಮ್ಮನಿರುವುದು ಹನ್ನೆರಡು ವರ್ಷದಿಂದ ತಾನು ಮಾಡಿಕೊಂಡು ಬಂದ ಕೆಲಸ. ತನ್ನ ಹೆಸರು ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇದ್ದವಳು ತಾನು. ಇವಳು ಅದರಲ್ಲೂ ತನ್ನನ್ನು ಹಿಂದೆ ಹಾಕುವುದೆಂದರೆ? ನಾಳೆ, ನಾಡಿದ್ದು, ವರ್ಷಗಟ್ಟಲೆ ಇವಳು ಹೀಗೆ ಸುಮ್ಮನಿರುವುದು, ತಾನು ಪುಸ್ತಕದಲ್ಲಿ ಸೈ ಬರೆಯುವಾಗಲೆಲ್ಲ ಇವಳ ಆ ಮೌನ ಕಿಟಕಿಯ ಹತ್ತಿರ ಕೂತಿರುವುದು. ಅದನ್ನು ನೆನೆಸಿಕೊಂಡೇ ಅವಳಿಗೆ ಮೈಯೆಲ್ಲ ಉರಿಯಿತು.

ಮರುದಿನ ಎಲ್ಲರೂ ಬಂದ ಮೇಲೆ ಅವಳು ಎದ್ದು ಹೇಳಿದಳು. ಡಬ್ಬಿ, ಚೀಟಿ, ಸ್ಲೇಟು, ಅತ್ತೆಗೆ ಬಂದ ಇನ್ನೂರ ಹನ್ನೆರಡು, ಒಂದನ್ನೂ ಬಿಡದೆ ಹೇಳಿದಳು. ತಾನು ನಿನ್ನೆ ಎರಡು ಸಾಲು ತಿದ್ದಿ ಸುಮ್ಮನಿದ್ದದ್ದನ್ನು ಹೇಳಿದಳು. ದೊಡ್ಡ ಸಂಖ್ಯೆಗಳ ಮೇಲೆ ಒಂದೇ ಜಾಗದ ಪರೀಕ್ಷೆ ಈ ಹನ್ನೆರಡು ವರ್ಷದಲ್ಲಿ ಒಂದು ದಿನವೂ ನಡೆದಿರಲಿಲ್ಲ ಎಂಬುದನ್ನೂ ಹೇಳಿದಳು. ಅವಳದು ಒಳ್ಳೆಯ ಮನಸ್ಸು, ಅದಕ್ಕೆ ಒಪ್ಪಿಕೊಂಡಳು ಎಂದು ಆಮೇಲೆ ಆಫೀಸಿನವರು ಹೇಳಿದರು. ಅವಳಿಗೆ ಗೊತ್ತಿತ್ತು, ಒಪ್ಪಿಸಿದ್ದು ಹೊಟ್ಟೆಕಿಚ್ಚು. ಆದರೆ ಅದನ್ನು ಯಾರಿಗೂ ಹೇಳಲಿಲ್ಲ.

ಯಜಮಾನರು ಹನ್ನೆರಡು ವರ್ಷದ ಎಲ್ಲ ಲೆಕ್ಕಗಳನ್ನೂ ಮತ್ತೆ ಪರೀಕ್ಷೆ ಮಾಡಿ ಎಂದರು. ಮೂರು ವಾರ ಹಿಡಿಯಿತು. ಕಳೆಯುವ ಲೆಕ್ಕವೊಂದರಲ್ಲಿ ಒಂಬತ್ತು ವರ್ಷದ ಹಳೆಯ ತಪ್ಪು ಸಿಕ್ಕಿತು. ಆ ಪ್ರೋಗ್ರಾಂ ತೆಗೆದುಕೊಂಡವರಿಗೆಲ್ಲ, ತಪ್ಪಾಗಿದೆ, ಹೊಸದನ್ನು ಹಾಕಿಕೊಳ್ಳಿ ಎಂದು ಕಾಗದ ಹೋಯಿತು. ಆ ಕಾಗದವನ್ನು ಬರೆದವಳು ದೊಡ್ಡವಳೇ. ಪುಸ್ತಕದ ಹಳೆಯ ಪುಟಗಳಲ್ಲಿ, ಒಂದೊಂದು ಸೈ ಪಕ್ಕದಲ್ಲೂ, ಮತ್ತೆ ನೋಡಿದ ತಾರೀಖನ್ನು ಪೆನ್ಸಿಲಿನಲ್ಲಿ ಬರೆದಳು. ಅಂದಿನಿಂದ ಆ ಆಫೀಸಿನಲ್ಲಿ ಒಂದು ಹೊಸ ಕಟ್ಟಳೆ ಬಂತು. ಯಾವ ಪರೀಕ್ಷೆಯನ್ನೇ ಆಗಲಿ, ಮೊದಲು ಬೇಕೆಂದೇ ಒಂದು ತಪ್ಪು ಲೆಕ್ಕ ಕೊಟ್ಟು, ಕೆಂಪು ಗೆರೆ ಬರುತ್ತದೆಯೇ ನೋಡಬೇಕು. ಆ ತಪ್ಪು ಲೆಕ್ಕಕ್ಕೆ ಅಲ್ಲಿಯವರು ಇನ್ನೂರ ಹನ್ನೆರಡು ಎನ್ನುತ್ತಾರೆ. ಇದಕ್ಕೆ ಇನ್ನೂರ ಹನ್ನೆರಡು ಕೊಟ್ಟಾಯಿತೇ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಅದು ಎಲ್ಲಿಂದ ಬಂತೆಂದು ಹೊಸಬರಿಗೆ ಗೊತ್ತಿಲ್ಲ.

ಪುಸ್ತಕ ದೊಡ್ಡವಳ ಮೇಜಿನ ಮೇಲೇ ಉಳಿಯಿತು. ಆದರೆ ಇನ್ನು ಮೇಲೆ ಸಾಲಿಗೆ ಎರಡು ಸೈ, ಒಂದು ಅವಳದು, ಒಂದು ಓರಗಿತ್ತಿಯದು. ಚಿಕ್ಕವಳ ಸೈ ಸ್ವಲ್ಪ ಓರೆಯಾಗಿ ಬೀಳುತ್ತದೆ, ನೋಡಲು ಚೆಂದವಾಗಿಯೂ ಇರುತ್ತದೆ. ದೊಡ್ಡವಳು ಅದನ್ನು ನೋಡದ ಹಾಗೆ ಪುಟ ಮಗುಚುತ್ತಾಳೆ.

ಒಂದು ಭಾನುವಾರ ದೊಡ್ಡವಳು ಪೇಟೆಗೆ ಹೋಗಿ ಅತ್ತೆಗೆ ಇನ್ನೊಂದು ಸ್ಲೇಟು ತಂದಳು, ನೀಲಿ ಚೌಕಟ್ಟಿನದು. ಒಂದೇ ಸ್ಲೇಟಿದ್ದರೆ ಉತ್ತರ ತಪ್ಪುತ್ತದಲ್ಲ ಎಂದಳು. ಅತ್ತೆ ಎರಡನ್ನೂ ಮೊಣಕಾಲಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು, ಗೇಣು ಹಾಕಿ ಅಳೆದರು.

“ಎರಡೂ ಒಂದೇ ಅಳತೆ ಕಣಮ್ಮ” ಎಂದರು.

ಒಂದೇ ಅಳತೆಯಲ್ಲ. ನೀಲಿಯದು ಎರಡು ಬೆರಳು ದೊಡ್ಡದು. ಅಂಗಡಿಯಲ್ಲಿ ಅಳೆದೇ ತಂದಿದ್ದಳು. ಚಿಕ್ಕವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ದೊಡ್ಡವಳು ಬಾಯಿ ತೆರೆದು, ಮತ್ತೆ ಮುಚ್ಚಿ, ಬಳಪದ ಪೆಟ್ಟಿಗೆಯನ್ನು ಅತ್ತೆಯ ಕೈಗೆ ಕೊಟ್ಟು ಒಳಗೆ ಹೋದಳು.